ಜಾರ್ಜಿಯನ್ ಮತ್ತು ಜುಲು ಕ್ರಿಯಾಪದಗಳಲ್ಲಿ ಕರ್ಮಸೂಚನೆ: ಒಂದು ತೌಲನಿಕ ವಿವೇಚನೆ

ಭಾಷಾವಿಜ್ಞಾನದ ನಮ್ಮ ಪಠ್ಯಗಳಲ್ಲಿ 'ಅಂಟು ಭಾಷೆ' ಎಂಬ ಪರಿಭಾಷೆ ಬಹುಕಾಲದಿಂದ ಬಳಕೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸರಿಂದ ಬಂದ ಈ ವರ್ಗೀಕರಣದಲ್ಲಿ ಕನ್ನಡ, ತುರ್ಕಿ, ಜುಲು, ಜಾರ್ಜಿಯನ್ ಭಾಷೆಗಳನ್ನು ಸಾಮಾನ್ಯವಾಗಿ ಒಂದೇ ಗುಂಪಿನಲ್ಲಿ ಇರಿಸಲಾಗುತ್ತದೆ. ಧಾತುವಿಗೆ ಪ್ರತ್ಯಯಗಳು ಒಂದರ ಬಳಿಕ ಒಂದು ಹತ್ತುತ್ತವೆ ಎಂಬಷ್ಟನ್ನು ಈ ಹೆಸರು ತಿಳಿಸುತ್ತದೆ. ಹತ್ತಿದ ಪ್ರತ್ಯಯಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ತಿಳಿಸುವುದಿಲ್ಲ. ಕರ್ತೃ ಮತ್ತು ಕರ್ಮ ಎರಡನ್ನೂ ಕ್ರಿಯಾಪದದೊಳಗೇ ಸೂಚಿಸಬಲ್ಲ ಜಾರ್ಜಿಯನ್ ಮತ್ತು ಜುಲು ಭಾಷೆಗಳನ್ನು ಎದುರುಬದುರು ಇರಿಸಿದಾಗ ಈ ಕೊರತೆ ಸ್ಪಷ್ಟವಾಗುತ್ತದೆ.

ಜಾರ್ಜಿಯನ್ ದಕ್ಷಿಣ ಕಾಕಸಸ್ ಪ್ರದೇಶದ ಭಾಷೆ. ಸ್ವಾನ್, ಮಿಂಗ್ರೇಲಿಯನ್, ಲಾಜ್ ಭಾಷೆಗಳೊಡನೆ ಕಾರ್ಟ್‌ವೇಲಿಯನ್ ಎಂಬ ಪುಟ್ಟ ವಂಶಕ್ಕೆ ಸೇರಿದ ಇದಕ್ಕೆ ಸ್ವಂತ ಲಿಪಿಯಿದ್ದು, ಕ್ರಿ.ಶ. 5ನೆಯ ಶತಮಾನದಿಂದ ಶಾಸನಗಳು ದೊರೆಯುತ್ತವೆ. ಜುಲು ಬಾಂಟು ಪರಿವಾರದ ಎಂಗೂನಿ ಶಾಖೆಯ ಭಾಷೆ. ಅದಕ್ಕೆ ರೋಮನ್ ಲಿಪಿ ಒದಗಿದ್ದು 19ನೆಯ ಶತಮಾನದ ಮಿಷನರಿಗಳಿಂದ. ದಕ್ಷಿಣ ಆಫ್ರಿಕದ 2022ರ ಜನಗಣತಿಯಂತೆ ಆ ದೇಶದ ಹೆಚ್ಚುಕಡಿಮೆ ಕಾಲುಭಾಗ ಜನರ ಮನೆಮಾತು ಜುಲು. ಇವೆರಡಕ್ಕೂ ವಂಶಸಂಬಂಧವಿಲ್ಲ, ಸಂಪರ್ಕದ ಇತಿಹಾಸವೂ ಇಲ್ಲ.

ಹಾಗಿದ್ದೂ ಹೋಲಿಕೆಗಳು ಕಣ್ಣಿಗೆ ಬೀಳುತ್ತವೆ. ಗಂಟಲನ್ನು ಮುಚ್ಚಿ, ಒಳಗೆ ಹಿಡಿದ ಗಾಳಿಯನ್ನು ಸಿಡಿಸಿ ಉಚ್ಚರಿಸುವ 'ಪ', 'ತ' ಬಗೆಯ ವ್ಯಂಜನಗಳು ಎರಡರಲ್ಲೂ ಇವೆ. ಜುಲುವಿನ ಪ್ರಸಿದ್ಧ ಲೊಟಕೆಯ ಧ್ವನಿಗಳು ಮಾತ್ರ ಜಾರ್ಜಿಯನ್ನಿನಲ್ಲಿಲ್ಲ. ಅವು ಖೊಯ್‌ಸಾನ್ ಭಾಷೆಗಳಿಂದ ಬಂದವು. ಮಾವನ ಹೆಸರಿನ ಅಕ್ಷರಗಳನ್ನು ಸೊಸೆಯಾದವಳು ನುಡಿಯಬಾರದೆಂಬ 'ಹ್ಲೋನಿಫ' ಪದ್ಧತಿಯು ಆ ಧ್ವನಿಗಳು ನೆಲೆಯೂರಲು ನೆರವಾಗಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. (ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರನ್ನು ಕಂಡ ನಮಗೆ ಇದು ತೀರ ಅಪರಿಚಿತವಲ್ಲ.) ಹೋಲಿಕೆ ಕಂಡಲ್ಲೆಲ್ಲ ನಂಟನ್ನು ಕಲ್ಪಿಸುವ ಆತುರಕ್ಕೆ ಜಾರ್ಜಿಯಾದಲ್ಲೇ ಹುಟ್ಟಿದ ನಿಕೊಲಾಯ್ ಮಾರ್ (1865-1934) ದೊಡ್ಡ ನಿದರ್ಶನ. ಜಾರ್ಜಿಯನ್ನಿಗೂ ಬಾಸ್ಕ್ ಭಾಷೆಗೂ ನಂಟು ಹೂಡಲು ಹೊರಟ ಆತ ಕೊನೆಗೆ ಜಗತ್ತಿನ ಸಮಸ್ತ ಭಾಷೆಗಳನ್ನೂ ನಾಲ್ಕು ಮೂಲಾಕ್ಷರಗಳಿಗೆ ಇಳಿಸಿದ. 1950ರಲ್ಲಿ ಸ್ಟಾಲಿನ್ ನಿರಾಕರಿಸುವವರೆಗೂ ಸೋವಿಯತ್ ಒಕ್ಕೂಟದಲ್ಲಿ ಈ ವಾದವೇ ಅಧಿಕೃತ ಭಾಷಾವಿಜ್ಞಾನವಾಗಿ ಮೆರೆಯಿತು.

ಇನ್ನು ಕ್ರಿಯಾಪದದ ವಿಷಯ. ಕನ್ನಡದ 'ನೋಡಿದೆನು' ಎಂಬ ರೂಪ ಕರ್ತೃವನ್ನಷ್ಟೇ ತಿಳಿಸುತ್ತದೆ. ನೋಡಿದ್ದು ಯಾರನ್ನು ಎಂಬುದಕ್ಕೆ ಬೇರೆ ಪದ ಬೇಕು. ಜುಲುವಿನಲ್ಲಿ 'ಬೋನ' ಎಂದರೆ ನೋಡು. 'ಙ್ಗಿ-ಯ-ಮ್-ಬೋನ' ಎಂದರೆ ಅವನನ್ನು ಅಥವಾ ಅವಳನ್ನು ನೋಡುತ್ತೇನೆ, 'ಙ್ಗಿ-ಯ-ಬ-ಬೋನ' ಎಂದರೆ ಆ ಜನರನ್ನು, ನಾಯಿಯಾದರೆ 'ಙ್ಗಿ-ಯ-ಯಿ-ಬೋನ', ತಟ್ಟೆಯಾದರೆ 'ಙ್ಗಿ-ಯ-ಸಿ-ಬೋನ'. ಮೊದಲಿನ 'ಙ್ಗಿ' ನಾನು. ಧಾತುವಿಗೆ ಅಂಟಿಕೊಂಡು ನಿಂತಿರುವುದು ಕರ್ಮ. ನಾಯಿಯೇ ನನ್ನನ್ನು ನೋಡಿದರೆ 'ಇ-ಯ-ಙ್ಗಿ-ಬೋನ'. ಸ್ಥಾನಗಳು ನಿಶ್ಚಿತ, ಬಿಡಿಸಿ ನೋಡುವುದು ಸುಲಭ. ಏಕವಚನ ಬಹುವಚನಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಹನ್ನೆರಡಕ್ಕೂ ಮಿಕ್ಕ ನಾಮವರ್ಗಗಳು ಈ ಭಾಷೆಯಲ್ಲಿವೆ. ವಿಶೇಷಣ ಮತ್ತು ಕ್ರಿಯಾಪದ ಎರಡೂ ನಾಮದ ವರ್ಗವನ್ನು ಅನುಸರಿಸುತ್ತವೆ. 'ಅಬಂತು ಅಬಖುಲು ಬಯಹಂಬ' ಎಂದರೆ ದೊಡ್ಡ ಜನರು ನಡೆಯುತ್ತಿದ್ದಾರೆ. ಜನರ ಬದಲು ನಾಯಿಗಳಾದರೆ ಇಡೀ ವಾಕ್ಯವೇ 'ಇಜಿಂಜ ಎಜಿಂಕುಲು ಜಿಯಹಂಬ' ಎಂದು ಬಣ್ಣ ಬದಲಾಯಿಸುತ್ತದೆ.

ಜಾರ್ಜಿಯನ್ ಕ್ರಿಯಾಪದ ಈ ಬಗೆಯ ವಸ್ತುಭೇದವನ್ನು ಲೆಕ್ಕಿಸುವುದಿಲ್ಲ. ಅದರ ಗಮನವೆಲ್ಲ ಮಾತಿನಲ್ಲಿ ಭಾಗಿಗಳಾದ ನಾನು, ನೀನು ಇಬ್ಬರ ಮೇಲೆ. 'ವ್-ಖೆದವ್' ಎಂದರೆ ನೋಡುತ್ತೇನೆ. ನೋಡಿದ್ದು ಮನುಷ್ಯನಾಗಲಿ, ನಾಯಿಯಾಗಲಿ, ತಟ್ಟೆಯಾಗಲಿ ರೂಪ ಬದಲಾಗದು. 'ಮ್-ಖೆದವ್-ಸ್' ಎಂದರೆ ಅವನು ನನ್ನನ್ನು ನೋಡುತ್ತಾನೆ. 'ನಾನು ನಿನ್ನನ್ನು ನೋಡುತ್ತೇನೆ' ಎನ್ನುವಲ್ಲಿ ನಾನು ಎಂಬುದರ 'ವ್', ನಿನ್ನನ್ನು ಎಂಬುದರ 'ಗ್' ಎರಡೂ ಬರಬೇಕಿತ್ತು. ಆದರೆ ಧಾತುವಿನ ಮುಂದೆ ಇರುವುದು ಒಂದೇ ಸ್ಥಾನ. ಅಲ್ಲಿ 'ಗ್' ಗೆಲ್ಲುತ್ತದೆ, 'ವ್' ಲೋಪವಾಗಿ 'ಗ್-ಖೆದವ್' ಎಂದಷ್ಟೇ ಉಳಿಯುತ್ತದೆ. ಬಹುವಚನದ 'ತ್' ಸೇರಿ 'ಗ್-ಖೆದವ್-ತ್' ಆದಾಗಲಂತೂ ನಾನು ನಿಮ್ಮನ್ನು, ನಾವು ನಿನ್ನನ್ನು, ನಾವು ನಿಮ್ಮನ್ನು, ಅವನು ನಿಮ್ಮನ್ನು ಎಂಬ ನಾಲ್ಕು ಅರ್ಥಗಳಿಗೂ ಅದೊಂದೇ ರೂಪ. ಪ್ರತ್ಯಯಗಳು ಸಾಲಾಗಿ ಅಂಟುತ್ತವೆಂಬ ವರ್ಣನೆ ಜುಲುವಿಗೆ ಒಪ್ಪುವಷ್ಟು ಇಲ್ಲಿ ಒಪ್ಪುವುದಿಲ್ಲ. ಇಲ್ಲಿ ನಡೆಯುವುದು ಸ್ಥಾನಕ್ಕಾಗಿ ಪೈಪೋಟಿ.

ವಿಭಕ್ತಿಯ ವಿಚಾರದಲ್ಲಿ ಅಂತರ ಇನ್ನೂ ಹಿರಿದು. ಜುಲು ನಾಮಪದಕ್ಕೆ ಕರ್ತೃ ಕರ್ಮಗಳನ್ನು ಬೇರ್ಪಡಿಸುವ ವಿಭಕ್ತಿಯಿಲ್ಲ. ಜಾರ್ಜಿಯನ್ನಿನಲ್ಲಿ ವಿಭಕ್ತಿಗಳು ಏಳು. ಅವು ಕಾಲಾನುಸಾರ ಪಾತ್ರ ಬದಲಿಸುವುದು ಕಲಿಯುವವರನ್ನು ಕಾಡುವ ಸಂಗತಿ. ಹುಡುಗ ಪತ್ರ ಬರೆಯುತ್ತಾನೆ ಎನ್ನುವಾಗ ಹುಡುಗ 'ಬಿಚಿ'. ಬರೆದನು ಎಂದಾಗ 'ಬಿಚ್-ಮ'. ಬರೆದಿದ್ದಾನಂತೆ ಎಂಬ ಅರ್ಥದಲ್ಲಿ 'ಬಿಚ್-ಸ್', ಅಂದರೆ ಚತುರ್ಥಿ. ಈ ಕೊನೆಯದು ಕನ್ನಡಿಗರಿಗೆ ಗ್ರಹಿಸಲು ಕಷ್ಟವಾಗಬಾರದು. ಹಸಿವು, ಪ್ರೀತಿಗಳ ವಿಷಯದಲ್ಲಿಯೂ ಜಾರ್ಜಿಯನ್ ಅನುಭವಿಸುವವನನ್ನು ಚತುರ್ಥಿಯಲ್ಲೇ ಇಡುತ್ತದೆ, ನಾವು 'ನನಗೆ ಹಸಿವಾಗಿದೆ' ಎನ್ನುವಂತೆ.

ಜುಲುವಿನ ಕರ್ಮಸೂಚಕಕ್ಕೂ ಕನ್ನಡದಲ್ಲಿ ಒಂದು ದೂರದ ಪ್ರತಿರೂಪವಿದೆಯೆಂದು ನನ್ನ ಅಭಿಪ್ರಾಯ. 'ಙ್ಗಿಬೋನ ಇಂಜ' ಎಂದರೆ ಯಾವುದೋ ನಾಯಿಯನ್ನು ನೋಡುತ್ತೇನೆ. 'ಙ್ಗಿಯಯಿಬೋನ ಇಂಜ' ಎಂದು 'ಯಿ' ಸೇರಿಸಿದರೆ ಆಡುವವನಿಗೂ ಕೇಳುವವನಿಗೂ ಗೊತ್ತಿರುವ ನಾಯಿ. 'ಪುಸ್ತಕ ಓದಿದೆ', 'ಪುಸ್ತಕವನ್ನು ಓದಿದೆ' ಎಂಬ ನಮ್ಮ ಪ್ರಯೋಗಗಳ ನಡುವಣ ವ್ಯತ್ಯಾಸವನ್ನು ಗಮನಿಸಿದರೆ, ಜುಲು ಕ್ರಿಯಾಪದಕ್ಕೆ ವಹಿಸಿದ ಕೆಲಸವನ್ನು ಕನ್ನಡ ಒಂದು ಮಟ್ಟಿಗೆ ನಾಮದ ದ್ವಿತೀಯಾ ವಿಭಕ್ತಿಗೆ ವಹಿಸಿದೆಯೆಂದು ತಿಳಿಯುತ್ತದೆ.

ಜಾರ್ಜಿಯನ್ ವಸ್ತುಭೇದವನ್ನು ಲೆಕ್ಕಿಸುವುದಿಲ್ಲ ಎಂಬ ಮೇಲಿನ ಮಾತಿಗೆ ಒಂದು ಅಪವಾದವುಂಟು. 'ನನಗೆ ಇದೆ' ಎನ್ನಲು ಅದರಲ್ಲಿ ಎರಡು ಕ್ರಿಯಾಪದಗಳಿವೆ: ಪುಸ್ತಕದಂಥ ನಿರ್ಜೀವಕ್ಕೆ 'ಮಕ್ವ್ಸ್', ಮಗ, ನಾಯಿ ಮೊದಲಾದ ಸಜೀವಕ್ಕೆ 'ಮ್ಕವ್ಸ್'. ಕುತೂಹಲದ ಸಂಗತಿಯೆಂದರೆ ಕಾರಿಗೂ ಅವರು ಸಜೀವದ ಕ್ರಿಯಾಪದವನ್ನೇ ಬಳಸುತ್ತಾರೆ. ಜುಲುವಿನಲ್ಲಿ ಕಾರು 'ಇಮೊತೊ'. ಅದೂ ನಾಯಿಯ ವರ್ಗಕ್ಕೇ ಸೇರಿ ಅದೇ 'ಯಿ' ಸೂಚಕವನ್ನು ಪಡೆಯುತ್ತದೆ, ಆದರೆ ಅಲ್ಲಿ ಸಜೀವ ನಿರ್ಜೀವಗಳ ಪ್ರಶ್ನೆಯೇ ಇಲ್ಲ. ಎರವಲು ಪದಗಳು ಹೇರಳವಾಗಿ ಸೇರುವ ವರ್ಗ ಅದು. ಕನ್ನಡದಲ್ಲಿಯೂ ನಾಯಿ 'ಇದೆ', ಕಾರು 'ಇದೆ'. ಎರಡೂ ನಪುಂಸಕಲಿಂಗ, ಏಕೆಂದರೆ ಎರಡೂ ಮನುಷ್ಯರಲ್ಲ.