ಸುಸ್ತಿದ್ದವರಿಗೆ ವ್ಯಾಯಾಮವೇ?

ಪ್ರಶ್ನೆ: ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಬೆಳಿಗ್ಗೆ ಸ್ನಾನ ಮುಗಿಸುವಷ್ಟರಲ್ಲೇ ಸುಸ್ತಾಗಿ ಕೂತುಬಿಡುತ್ತಾಳೆ. ಡಾಕ್ಟರು ವ್ಯಾಯಾಮ ಮಾಡಲಿ ಅನ್ನುತ್ತಾರೆ. ಅವ್ವ ಮಾತ್ರ ಸುಮ್ಮನೆ ಮಲಗಿರಲಿ ಅನ್ನುತ್ತಾಳೆ. ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ರಾಯಚೂರು

ಉತ್ತರ: ಡಾಕ್ಟರ ಮಾತು ಕೇಳಿ. ಆದರೆ ಅವ್ವನ ಅಂಜಿಕೆಯನ್ನು ತಳ್ಳಿಹಾಕಬೇಡಿ; ಬಹಳ ಕಾಲ ವೈದ್ಯರೇ ಹಾಗೆ ಹೇಳುತ್ತಿದ್ದರು. ಈ ಕಾಯಿಲೆಯವರು ಮೈ ದಣಿಸಿದಾಗ ಕಣ್ಣು ಮಂಜಾಗುವುದನ್ನು 1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಗುರುತಿಸಿದ್ದರು. ಅದರ ಮೂಲ ದಣಿವಲ್ಲ, ಮೈಬಿಸಿ ಎಂಬುದು ಆಮೇಲೆ ತಿಳಿಯಿತು. ನರತಂತುಗಳ ಮೇಲಿನ ಮಯಲಿನ್ ಪೊರೆ ಈ ಕಾಯಿಲೆಯಲ್ಲಿ ಅಲ್ಲಲ್ಲಿ ಹಾಳಾಗಿರುತ್ತದೆ. ಅಂಥ ಕಡೆ ಮೈಬಿಸಿ ಅರ್ಧ ಡಿಗ್ರಿ ಏರಿದರೂ ಸಂದೇಶ ಮುಂದೆ ಹೋಗದೆ ನಿಲ್ಲಬಹುದು. ಮೈ ತಣಿದ ಮೇಲೆ ಮತ್ತೆ ಸರಿಹೋಗುತ್ತದೆ, ಹೊಸ ಗಾಯ ಆಗಿರುವುದಿಲ್ಲ. ಸ್ನಾನವಾದ ಕೂಡಲೇ ಕೂತುಬಿಡುತ್ತಾಳೆ ಎಂದಿರಲ್ಲ, ನೀರು ಎಷ್ಟು ಬಿಸಿ ಇರುತ್ತದೆ ಎಂದು ಇವತ್ತೇ ಕೇಳಿ. ಉಗುರುಬೆಚ್ಚಗಿದ್ದರೆ ಸಾಕು.

ಇನ್ನು ವ್ಯಾಯಾಮದ ಮಾತು. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಸಂಶೋಧಕ ಪೆಟಜನ್ ಮತ್ತು ಸಂಗಡಿಗರು ಈ ಕಾಯಿಲೆಯ ರೋಗಿಗಳಿಂದ 15 ವಾರ, ವಾರಕ್ಕೆ 3 ಸಲ ವ್ಯಾಯಾಮ ಮಾಡಿಸಿದರು. ಅವರ ತ್ರಾಣ, ಸ್ನಾಯುಬಲ ಎರಡೂ ಹೆಚ್ಚಿದವು. ನಂತರ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಸುಸ್ತೂ ತಕ್ಕಮಟ್ಟಿಗೆ ತಗ್ಗುವುದು ಕಂಡಿದೆ. ಪೂರ್ತಿ ಹೋಗುತ್ತದೆ ಎಂದು ಆಸೆ ಹುಟ್ಟಿಸಲಾರೆ. ಆದರೆ ಮಲಗಿಯೇ ಇದ್ದರೆ ಸ್ನಾಯು ಸೊರಗಿ, ನಾಲ್ಕು ಹೆಜ್ಜೆ ನಡೆಯುವುದೂ ಭಾರವಾಗುತ್ತದೆ. ಕಾಯಿಲೆಯ ಸುಸ್ತಿನ ಮೇಲೆ ಇದೊಂದು ಹೊಸ ಸುಸ್ತು.

ಸೌಮ್ಯ ಅಥವಾ ಮಧ್ಯಮ ತೊಂದರೆ ಇರುವವರು ವಾರಕ್ಕೆ 2 ದಿನ 30 ನಿಮಿಷದ ನಡಿಗೆ ಅಥವಾ ಸೈಕಲ್, ಜೊತೆಗೆ 2 ಸಲ ಸ್ನಾಯುಬಲದ ವ್ಯಾಯಾಮ ಮಾಡಲಿ ಎನ್ನುತ್ತದೆ 2013ರ ಕೆನಡಾ ಮಾರ್ಗಸೂಚಿ. ಅದು ಮುಟ್ಟಬೇಕಾದ ಗುರಿ. ತಂಗಿ ಐದು ನಿಮಿಷದಿಂದ ಶುರುಮಾಡಲಿ, ನಡುನಡುವೆ ಕೂರಲಿ. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ ಎಂದರ್ಥ. ಗೋಡೆ ಪಕ್ಕದ ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದೂ ಒಳ್ಳೆಯ ವ್ಯಾಯಾಮವೇ. ಮರುದಿನ ಎದ್ದಾಗಲೂ ಜೀವ ಹಿಂಡಿದಂತಿದ್ದರೆ ಮುಂದಿನ ಸಲ ಕಡಿಮೆ ಮಾಡಲಿ. ನಿಮ್ಮೂರಿನ ಬಿಸಿಲಿಗೆ ಹೊತ್ತು ಮೂಡುವ ಮುಂಚೆ, ಇಲ್ಲವೇ ಮನೆಯೊಳಗೆ ಫ್ಯಾನಿನ ಕೆಳಗೆ ಮಾಡುವುದೇ ವಾಸಿ. ಮೊದಲು ತಣ್ಣೀರು ಕುಡಿದು, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಳ್ಳಲಿ. ಶುರುಮಾಡುವ ಮುನ್ನ ಫಿಸಿಯೊಥೆರಪಿಸ್ಟ್ ಒಮ್ಮೆ ನೋಡಲಿ.

ಅವ್ವನ ಕಾಳಜಿಗೂ ಇಲ್ಲಿ ಕೆಲಸವಿದೆ. ವ್ಯಾಯಾಮದ ದಿನ ಒಲೆ ಮುಂದಿನ ರೊಟ್ಟಿ ಕೆಲಸ ತಂಗಿಯ ಪಾಲಿಗೆ ಬರದಂತೆ ಮನೆಯವರೆಲ್ಲ ಹಂಚಿಕೊಳ್ಳಿ.

ಹೊಸ ಬಲಹೀನತೆಯೋ ಕಣ್ಣು ಮಂಜೋ 24 ಗಂಟೆ ಕಳೆದರೂ ಹೋಗದಿದ್ದರೆ ಅದನ್ನು ವ್ಯಾಯಾಮದ ಲೆಕ್ಕಕ್ಕೆ ಬರೆಯದೆ ಡಾಕ್ಟರಿಗೆ ತೋರಿಸಿ. ಸುಸ್ತಿಗೆ ಬೇರೆ ಕಾರಣವೂ ಇರಬಹುದು; ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ನಿದ್ದೆ, ಖಿನ್ನತೆ ಇವುಗಳನ್ನೂ ವಿಚಾರಿಸಲು ಹೇಳಿ. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್‌ನಂಥ ಮಾತ್ರೆಯಿಂದಲೂ ಮಂಪರು ಬರುತ್ತದೆ. ಹಾಗೆಂದು ನೀವಾಗಿಯೇ ಅದನ್ನು ದಿಢೀರನೆ ನಿಲ್ಲಿಸಬೇಡಿ, ಅಪಾಯವಾದೀತು.