ಗಾಡಿ ಲಾರಿ ಹತ್ತಿದ ಮೇಲೆ ಯಾರದು?

ಚೆನ್ನೈನ ತ್ರಿಪ್ಲಿಕೇನ್‌ನ ಪಾರ್ಥಸಾರಥಿ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಎರಡು ಆಟೊ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಕಾರು ಸಾಗಿಸುವ ಉದ್ದನೆಯ ಕ್ಯಾರಿಯರ್ ಲಾರಿ ಅಲ್ಲಿಗೆ ಬರುವ ಮಾತೇ ಇಲ್ಲ. ಅಲ್ಲಿನ ಷೆಡ್ಡೊಂದರಲ್ಲಿ ನಿಂತಿರುವ ಐವತ್ತು ವರ್ಷ ದಾಟಿದ ಪಿಕಪ್ ಮೈಸೂರಿನ ಕೊಳ್ಳುಗರಿಗೆ ಮಾರಾಟವಾಯಿತು ಎಂದುಕೊಳ್ಳಿ. ಗಾಡಿ ಮೊದಲು ತನ್ನ ಚಕ್ರದ ಮೇಲೋ ಟೋಯಿಂಗ್ ಗಾಡಿಯ ಬೆನ್ನ ಮೇಲೋ ಮಾಧವರಂ ಟ್ರಕ್ ಟರ್ಮಿನಲ್‌ನಂಥ ಜಾಗ ತಲುಪಬೇಕು. ಜಗಳಗಳು ಹುಟ್ಟುವುದು ಹೆಚ್ಚಾಗಿ ಇಂಥ ಅರೆಬರೆ ಹಂತಗಳಲ್ಲೇ. ದಾರಿಯಲ್ಲಿ ಬಾಗಿಲು ತಗ್ಗಾದರೆ ನಷ್ಟ ಮಾರಿದವರದೋ, ಕೊಂಡವರದೋ, ಟ್ರಾನ್ಸ್‌ಪೋರ್ಟ್ ಕಂಪನಿಯದೋ?

ಪಿಕಪ್ಪನ್ನು 1971ರಲ್ಲಿ ನೋಂದಣಿಯಾದ ಸ್ಟ್ಯಾಂಡರ್ಡ್ 20 ಎಂದೇ ಇಟ್ಟುಕೊಳ್ಳೋಣ. ಚೆನ್ನೈ ಹೊರವಲಯದ ವಂಡಲೂರಿನ ಬಳಿ ಕಾರ್ಖಾನೆ ನಡೆಸುತ್ತಿದ್ದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿಯ ಗಾಡಿ ಅದು. ಕಂಪನಿ ಬಾಗಿಲು ಹಾಕಿ ದಶಕಗಳಾದವು. ಒಡೆದ ಹೆಡ್‌ಲೈಟ್ ರಿಂಗಿಗೂ ಪುದುಪೇಟೆಯ ಗುಜರಿ ಅಂಗಡಿಗಳನ್ನೋ ಜನರಲ್ ಪ್ಯಾಟರ್ಸ್ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೋ ಸುತ್ತಬೇಕು. ಬೆಲೆ ನಾಲ್ಕು ಲಕ್ಷ, ಲಾರಿ ಬಾಡಿಗೆ 18,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ.

ಮೊದಲ ಪ್ರಶ್ನೆಗೆ ಉತ್ತರ 1930ರ ಸರಕು ಮಾರಾಟ ಕಾಯ್ದೆಯಲ್ಲಿದೆ, ಆ ಉತ್ತರ ಅನೇಕ ಕೊಳ್ಳುಗರಿಗೆ ಹಿಡಿಸುವುದಿಲ್ಲ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಸರಕನ್ನು ಸಾಗಣೆದಾರರಿಗೆ ಒಪ್ಪಿಸಿದ್ದೇ ಮೇಲ್ನೋಟಕ್ಕೆ ಕೊಳ್ಳುಗರಿಗೆ ಒಪ್ಪಿಸಿದಂತೆ ಎನ್ನುತ್ತದೆ 39ನೇ ಸೆಕ್ಷನ್. ಸರಕಿನ ಒಡೆತನ ಯಾರಿಗೆ ಹೋಯಿತೋ ನಷ್ಟದ ಹೊಣೆಯೂ ಅವರಿಗೇ ಹೋಗುತ್ತದೆ ಎನ್ನುತ್ತದೆ 26ನೇ ಸೆಕ್ಷನ್. ಅಂದರೆ ಪೂರ್ತಿ ಹಣ ಕಟ್ಟಿದ ಮೈಸೂರಿನವರು ಗಾಡಿಯ ಮುಖ ನೋಡುವ ಮೊದಲೇ ಅದರ ನಷ್ಟಕ್ಕೆ ಹೊಣೆಯಾಗಿರಬಹುದು. ಮಾರುವವರಿಗೂ ಪೂರ್ತಿ ಬಿಡುಗಡೆ ಇಲ್ಲ. ಸರಕಿನ ಸ್ವರೂಪಕ್ಕೆ ತಕ್ಕಂತೆ, ವಿವೇಕದಿಂದ ಸಾಗಣೆಯ ಕರಾರು ಮಾಡಿಕೊಳ್ಳುವುದು ಅವರ ಕರ್ತವ್ಯ. ಅದರಲ್ಲಿ ತಪ್ಪಿದರೆ, ಲಾರಿಗೆ ಒಪ್ಪಿಸಿದ್ದನ್ನು ತನಗೆ ಒಪ್ಪಿಸಿದಂತೆ ಎಂದು ಒಪ್ಪಲು ಕೊಳ್ಳುಗರು ನಿರಾಕರಿಸಬಹುದು, ಇಲ್ಲವೇ ಪರಿಹಾರ ಕೇಳಬಹುದು.

ಈ ಗೊಂದಲ ತಪ್ಪಿಸಲು ಒಪ್ಪಂದದಲ್ಲಿ ಒಂದೇ ಒಂದು ಸಾಲು ಸಾಕು: ‘ಮೈಸೂರಿನಲ್ಲಿ ಗಾಡಿ ಇಳಿಸಿ, ಪರಿಶೀಲಿಸಿ, ಸಹಿ ಮಾಡುವವರೆಗೆ ನಷ್ಟದ ಹೊಣೆ ಮಾರಾಟಗಾರರದು.’ ಅಥವಾ ಅದಕ್ಕೆ ತದ್ವಿರುದ್ಧವಾದ ಸಾಲು. ಯಾವುದಾದರೂ ಸರಿ, ಬರಹದಲ್ಲಿರಬೇಕು. ಚೌಕಾಸಿಯಲ್ಲಿ ಹತ್ತು ಸಾವಿರಕ್ಕೆ ಮೂರು ದಿನ ಫೋನಿನಲ್ಲಿ ಜಗ್ಗಾಡುವವರು ಈ ಸಾಲಿಗೆ ಮೂರು ನಿಮಿಷ ಕೊಡುವುದಿಲ್ಲ.

ಲಾರಿ ಆಫೀಸಿಗೆ ಬರೋಣ. ರಸ್ತೆ ಸಾಗಣೆದಾರರನ್ನು ಆಳುತ್ತಿದ್ದ 1865ರ ಬ್ರಿಟಿಷ್ ಕಾಲದ ಕಾನೂನಿನ ಜಾಗಕ್ಕೆ 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ ಬಂದಿದೆ. ಅದು ಜಾರಿಯಾದದ್ದು 2011ರ ಮಾರ್ಚ್ 1ರಂದು. ಇದರ ಪ್ರಕಾರ ಸಾರ್ವಜನಿಕರ ಸರಕು ಒಯ್ಯುವ ಟ್ರಾನ್ಸ್‌ಪೋರ್ಟ್ ಕಂಪನಿ ನೋಂದಾಯಿಸಿಕೊಂಡಿರಬೇಕು. ಸರಕು ಕಳಿಸುವವರು ಫಾರ್ವರ್ಡಿಂಗ್ ನೋಟ್ ತುಂಬಿ ಅದರಲ್ಲಿ ಸರಕಿನ ಮೌಲ್ಯ ಘೋಷಿಸಬೇಕು. ಕಂಪನಿ ರಸೀದಿ ಕೊಡಬೇಕು. ನಾವೆಲ್ಲ ಎಲ್‌ಆರ್ ಎಂದೋ ಬಿಲ್ಟಿ ಎಂದೋ ಕರೆಯುವುದು ಈ ರಸೀದಿಯನ್ನೇ.

ಹಣ ಕಳೆದುಹೋಗುವುದು ಆ ಮೌಲ್ಯದ ಕಾಲಮಿನಲ್ಲಿ. 2011ರ ನಿಯಮಗಳ ಪ್ರಕಾರ ಸರಕು ಹಾಳಾದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ಘೋಷಿತ ಮೌಲ್ಯವನ್ನು ಮೀರುವಂತಿಲ್ಲ. ನಮ್ಮ ಪಿಕಪ್ಪಿನ ಬಾಡಿಗೆ 18,000. ಗಾಡಿ ಪೂರ್ತಿ ಜಜ್ಜಿಹೋದರೂ ಸಿಗುವುದು ಹೆಚ್ಚೆಂದರೆ 1,80,000 ರೂಪಾಯಿ. ಬುಕಿಂಗ್ ಗುಮಾಸ್ತ ‘ಐವತ್ತು ಸಾವಿರ ಅಂತ ಬರೀತೀನಿ ಸಾರ್, ತಲೆನೋವು ಇರಲ್ಲ’ ಎಂದಾಗ ತಲೆಯಾಡಿಸಿದ್ದರೆ ಐವತ್ತು ಸಾವಿರ ಮಾತ್ರ. ಮಿತಿ ದಾಟಬೇಕೆಂದರೆ ಕಾಯ್ದೆಯ 11ನೇ ಸೆಕ್ಷನ್ ಒಂದು ದಾರಿ ಇಟ್ಟಿದೆ: ಹೆಚ್ಚಿನ ರಿಸ್ಕ್ ದರ ಕೊಟ್ಟು ಬುಕ್ ಮಾಡುವುದು. ಆ ದರದ ಬಗ್ಗೆ ಆಫೀಸಿನವರು ತಾವಾಗಿ ಬಾಯಿ ಬಿಡುವುದು ಅಪರೂಪ, ಕೇಳಿ ಪಡೆಯಬೇಕು. ತಲುಪಿಸುವ ದಿನವನ್ನೂ ನೋಟಿನಲ್ಲಿ ಬರೆಸಬೇಕು. ಒಪ್ಪಿದ ಅವಧಿಯೊಳಗಿನ ತಡಕ್ಕೆ ಪರಿಹಾರ ಬಾಡಿಗೆಯ ಮೊತ್ತವನ್ನು ಮೀರುವುದಿಲ್ಲ. ಆ ಅವಧಿ ದಾಟಿದರೆ ಹೊಣೆ ಹತ್ತು ಪಟ್ಟಿನ ಲೆಕ್ಕಕ್ಕೆ ಏರುತ್ತದೆ.

ಪಾಂಡಿಬಜಾರಿನಲ್ಲಿ ಪರಿಚಯವಾದ ಡ್ರೈವರ್ ಒಬ್ಬರ ಖಾಲಿ ಲಾರಿಗೆ ಬಾಯಿಮಾತಿನಲ್ಲಿ ಗಾಡಿ ಏರಿಸಿದರೆ ಈ ಕಾಯ್ದೆಯ ಆಸರೆ ಸಿಗುವುದೇ ಅನುಮಾನ. ಆಗ ಉಳಿಯುವುದು ಕರಾರು ಕಾಯ್ದೆಯ ಸಾಮಾನ್ಯ ನಿಯಮ ಮತ್ತು ಸಿವಿಲ್ ಕೋರ್ಟಿನ ಮೆಟ್ಟಿಲು.

ರಸೀದಿಯ ಮೇಲೆ ಕೆಂಪು ಮೊಹರಿನಲ್ಲಿ ‘ಓನರ್ಸ್ ರಿಸ್ಕ್’ ಎಂದಿದ್ದರೆ ಎಲ್ಲ ಮುಗಿಯಿತು ಎಂದು ಜನ ಕೈಚೆಲ್ಲುತ್ತಾರೆ. ಅದು ತಪ್ಪು. ನಾಥ್ ಬ್ರದರ್ಸ್ ಎಕ್ಸಿಮ್ ಮತ್ತು ಬೆಸ್ಟ್ ರೋಡ್‌ವೇಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದ್ದು ಇದು: ಓನರ್ಸ್ ರಿಸ್ಕ್ ಎಂದು ಬರೆದ ಮಾತ್ರಕ್ಕೆ ಸಾಗಣೆದಾರರು ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗಲಾರರು. ಅದೇ ವರ್ಷ ಬಿರ್ಲಾ ಯಮಹಾದ ಜನರೇಟರ್‌ಗಳು ಬೆಂಕಿಗೆ ಆಹುತಿಯಾದ ಪ್ರಕರಣದಲ್ಲಿ, ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಭಾರ ಸರಕಿನವರ ಮೇಲಿಲ್ಲ ಎಂಬ ನಿಯಮ ಗ್ರಾಹಕ ವೇದಿಕೆಗಳಲ್ಲೂ ಅನ್ವಯಿಸುತ್ತದೆ ಎಂದಿತು. ಈಗಿನ ಕಾಯ್ದೆಯ 12ನೇ ಸೆಕ್ಷನ್‌ನಲ್ಲೂ ಅದೇ ನಿಯಮವಿದೆ. ಪಿಕಪ್ ಒಪ್ಪಿಸುವಾಗ ಚೆನ್ನಾಗಿತ್ತು, ಇಳಿಸುವಾಗ ಹಾಳಾಗಿತ್ತು ಎಂದು ತೋರಿಸಿದರೆ ಸಾಕು. ಹೇಗೆ ಹಾಳಾಯಿತು ಎಂಬುದು ಕಂಪನಿಯ ತಲೆನೋವು.

ಇನ್ನೊಂದು ಹೆದರಿಕೆ ‘ಮುಂಬೈ ನ್ಯಾಯವ್ಯಾಪ್ತಿಗೆ ಮಾತ್ರ ಒಳಪಟ್ಟಿದೆ’ ಎಂಬ ಸಣ್ಣಕ್ಷರದ ಸಾಲು. ಇದಕ್ಕೆ ಉತ್ತರ ಬಂದದ್ದು ತಮಿಳುನಾಡಿನ ಪ್ರಕರಣಗಳಿಂದಲೇ. ಬೋಡಿನಾಯಕನೂರಿನ ವ್ಯಾಪಾರಿ ಸಂಸ್ಥೆಯೊಂದು ದೆಹಲಿಗೆ ಏಲಕ್ಕಿ ಕಳಿಸಿತ್ತು, ಗೋದಾಮಿನ ಬೆಂಕಿಯಲ್ಲಿ ಸರಕು ಹಾಳಾಯಿತು. ಮದ್ರಾಸಿನಿಂದ ಹೊರಟ ಕೀಟನಾಶಕದ ಪ್ಯಾಕೆಟ್ಟುಗಳದ್ದು ಮತ್ತೊಂದು ದಾವೆ. ಎರಡರಲ್ಲೂ ಪಟೇಲ್ ರೋಡ್‌ವೇಸ್ ಕಂಪನಿ ‘ನಮ್ಮ ಮುಖ್ಯ ಕಚೇರಿ ಬಾಂಬೆಯಲ್ಲಿದೆ, ಅಲ್ಲಿಗೇ ಬನ್ನಿ’ ಎಂದು ವಾದಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸರಕು ಒಪ್ಪಿಸಿದ ಊರಿನಲ್ಲಿ ಕಂಪನಿಯ ಶಾಖೆಯಿದ್ದು ವ್ಯಾಜ್ಯದ ಕಾರಣ ಅಲ್ಲೇ ಹುಟ್ಟಿದ್ದರೆ ಅಲ್ಲಿಯೇ ದಾವೆ ಹೂಡಬಹುದು, ಏನೂ ನಡೆಯದ ಬಾಂಬೆಗೆ ಒಪ್ಪಂದದ ಮೂಲಕ ಅಧಿಕಾರ ಕೊಡಲಾಗದು ಎಂದಿತು.

ಒಂದು ಗಡುವನ್ನು ಮಾತ್ರ ಮರೆಯುವಂತಿಲ್ಲ. ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಮುಟ್ಟಿರಬೇಕು, ಇಲ್ಲವಾದರೆ 16ನೇ ಸೆಕ್ಷನ್ ದಾವೆಯ ಬಾಗಿಲನ್ನೇ ಮುಚ್ಚುತ್ತದೆ. ಲೆಕ್ಕ ಶುರುವಾಗುವುದು ಗಾಡಿ ತಲುಪಿದ ದಿನದಿಂದಲ್ಲ, ಬುಕಿಂಗ್ ದಿನದಿಂದ. ‘ನೋಡೋಣ ಸಾರ್, ಹೆಡ್ ಆಫೀಸಿಗೆ ಹೇಳಿದ್ದೀನಿ’ ಎಂಬ ಭರವಸೆಗಳಲ್ಲೇ ಆರು ತಿಂಗಳು ಕಳೆದುಹೋಗುತ್ತದೆ. ವಾಟ್ಸ್‌ಆ್ಯಪ್ ಸಂದೇಶವನ್ನೇ ನಂಬಿ ಕೂರದೆ, ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ನೋಟಿಸ್ ಕಳಿಸುವುದು ಕ್ಷೇಮ.

ಸಾಕ್ಷ್ಯ ತಯಾರಾಗಬೇಕಾದದ್ದು ಗಾಡಿ ಹತ್ತಿಸುವಾಗ ಮತ್ತು ಇಳಿಸುವಾಗ. ಚಾಸಿ ನಂಬರು, ಎಂಜಿನ್ ನಂಬರು, ಕಾರ್ಬ್ಯುರೇಟರು, ಹಾರ್ನು, ಕನ್ನಡಿ, ಸ್ಪೇರ್ ಚಕ್ರ, ಮೂಲ ಬ್ಯಾಡ್ಜುಗಳ ಫೋಟೊ ತೆಗೆದು ಪಟ್ಟಿ ಮಾಡಿ ಅದಕ್ಕೆ ಬುಕಿಂಗ್ ಕಚೇರಿಯ ಸಹಿ ಹಾಕಿಸಬೇಕು. ಮೈಸೂರಿನಲ್ಲಿ ಡ್ರೈವರ್ ‘ಬೇಗ ಸಹಿ ಹಾಕಿ, ಮುಂದೆ ಲೋಡಿದೆ’ ಎಂದು ಅವಸರ ಮಾಡುತ್ತಾನೆ. ಆಗ ಸಹಿಯ ಪಕ್ಕದಲ್ಲೇ ಕಂಡ ದೋಷವನ್ನು ಬರೆಯಬೇಕು. ‘ಸುಸ್ಥಿತಿಯಲ್ಲಿ ಪಡೆದೆ’ ಎಂಬ ಮುದ್ರಿತ ಸಾಲನ್ನು ಹೊಡೆದು ಹಾಕುವುದಕ್ಕೆ ಯಾರ ಅನುಮತಿಯೂ ಬೇಡ.

ವಿಮೆಯ ವಿಷಯದಲ್ಲಿ ಒಂದು ಸಮಾಧಾನವಿದೆ. ನಮ್ಮ ದೇಶದ ಸಮಗ್ರ ಮೋಟಾರು ಪಾಲಿಸಿಯ ಸ್ವಂತ ಹಾನಿ ಭಾಗವು ಗಾಡಿ ರಸ್ತೆ ಅಥವಾ ರೈಲಿನ ಮೂಲಕ ಸಾಗಣೆಯಾಗುವಾಗಿನ ನಷ್ಟವನ್ನೂ ಒಳಗೊಳ್ಳುತ್ತದೆ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಏನೂ ಸಿಗದು, ಹಳೆಯ ಗಾಡಿಗಳಲ್ಲಿ ಬಹಳಷ್ಟರ ಪಾಡು ಇದೇ. ಐದು ವರ್ಷ ದಾಟಿದ ವಾಹನದ ಮೌಲ್ಯವನ್ನು ಕಂಪನಿ ಮತ್ತು ಗ್ರಾಹಕರು ಮಾತಾಡಿಕೊಂಡು ನಿಗದಿ ಮಾಡುವುದು ರೂಢಿ. ಮೊದಲೇ ಸರ್ವೇ ಮಾಡಿಸಿ ನಾಲ್ಕು ಲಕ್ಷ ಎಂದು ಬರೆಸಿಕೊಂಡರೆ ಕ್ಲೇಮಿನ ಹೊತ್ತಿಗೆ ‘ಗುಜರಿ ಬೆಲೆ’ ಎಂಬ ಮಾತು ಕೇಳಬೇಕಾಗುವುದಿಲ್ಲ. ಇನ್ನು, ವಿಮೆಯೇ ಇಲ್ಲದ ಪಿಕಪ್ಪನ್ನು ಮಾಧವರಂವರೆಗೆ ಓಡಿಸಿಕೊಂಡು ಹೋದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ. ದಾರಿಯಲ್ಲಿ ಯಾರಿಗಾದರೂ ತಾಗಿದರೆ ಪರಿಹಾರ ಕೈಯಿಂದಲೇ ಕಟ್ಟಬೇಕು.

ಮಾರುವವರ ಆತಂಕ ಬೇರೆ. ಗಾಡಿ ಹೋಯಿತು, ಹಣ ಬಂತು, ಆದರೆ ಆರ್‌ಸಿ ಪುಸ್ತಕದಲ್ಲಿ ಹೆಸರು ಇನ್ನೂ ತ್ರಿಪ್ಲಿಕೇನಿನವರದೇ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ 2018ರ ತೀರ್ಪು ಇಂಥವರೆಲ್ಲ ತಿಳಿದಿರಬೇಕಾದದ್ದು. ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿ ಅಪಘಾತವಾದಾಗ, ಗಾಡಿ ಕೈಬಿಟ್ಟು ಎಷ್ಟೋ ಕಾಲವಾಗಿದ್ದರೂ ದಾಖಲೆಯಲ್ಲಿದ್ದ ಮೊದಲ ಮಾಲೀಕರನ್ನೇ ಸುಪ್ರೀಂ ಕೋರ್ಟ್ ಪರಿಹಾರಕ್ಕೆ ಹೊಣೆ ಮಾಡಿತು.

ಆದ್ದರಿಂದ ಲಾರಿಗೆ ಏರಿಸುವ ಮೊದಲು ಆರ್‌ಟಿಒ ಕೆಲಸ ಆಗಬೇಕು. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಫಾರಂ 28ರಲ್ಲಿ ಎನ್‌ಒಸಿ ಅರ್ಜಿ, ಮಾರಾಟ ತಿಳಿಸಲು ಫಾರಂ 29, ವರ್ಗಾವಣೆಗೆ ಫಾರಂ 30. ಹೊರರಾಜ್ಯದ ಮಾರಾಟವಾದರೆ ಮಾರಿದವರಿಗೆ 45 ದಿನಗಳ ಕಾಲಾವಕಾಶ, ಕೊಂಡವರಿಗೆ 30 ದಿನ. ಕಳವಿನ ಕೇಸಿಲ್ಲ ಎಂಬ ಪೊಲೀಸ್ ವರದಿ, ತೆರಿಗೆ ಬಾಕಿ ಇಲ್ಲ ಎಂಬ ಪರಿಶೀಲನೆ ಎಲ್ಲ ಸೇರಿ ಎನ್‌ಒಸಿ ಬಗ್ಗೆ 30 ದಿನಗಳಲ್ಲಿ ತೀರ್ಮಾನವಾಗಬೇಕು. ನಿರಾಕರಿಸಿದರೆ ಕಾರಣ ಬರೆಯಬೇಕು. 30 ದಿನ ಸುಮ್ಮನಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್. ಅರ್ಜಿ ಕೊಟ್ಟ ರಸೀದಿಯನ್ನು ಜೋಪಾನವಾಗಿಡಿ ಎನ್ನುವುದು ಇದಕ್ಕೇ. ಟಿಎನ್ ಸರಣಿಗಿಂತ ಮುಂಚಿನ ನಂಬರಿನ ದಾಖಲೆ ‘ವಾಹನ್’ ತಂತ್ರಾಂಶದಲ್ಲಿ ಸಿಗದಿದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ ಆಗಬೇಕು. ಎಂದೋ ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ನಮೂದಿಸದೆ ಬಿಟ್ಟಿದ್ದರೆ ಅದೂ ಈಗ ಎದ್ದು ನಿಲ್ಲುತ್ತದೆ.

‘ವಿಂಟೇಜ್ ಅಲ್ವಾ, ವಿಂಟೇಜ್ ನೋಂದಣಿ ಮಾಡಿಸಿಬಿಡಿ’ ಎನ್ನುವ ಬ್ರೋಕರುಗಳಿದ್ದಾರೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮಗಳು 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ನಂಬರು ಕೊಡುತ್ತವೆ. ಹೊಸ ನೋಂದಣಿಗೆ ಶುಲ್ಕ 20,000, ಮರುನೋಂದಣಿಗೆ 5,000 ರೂಪಾಯಿ. ಆದರೆ ನಿಯಮದಲ್ಲಿ ಹೆಸರಿಸಿದ ನಾಲ್ಕುಚಕ್ರದ ವರ್ಗ ಎಂ1, ಅಂದರೆ ಪ್ರಯಾಣಿಕರ ಕಾರು. ಸರಕು ಗಾಡಿಯಾಗಿ ನೋಂದಣಿಯಾದ ಪಿಕಪ್ ಎನ್1 ವರ್ಗದ್ದು. ಬಣ್ಣ ಬಳಿದು ಚಂದ ಮಾಡಿದ ಮಾತ್ರಕ್ಕೆ ವರ್ಗ ಬದಲಾಗದು. ಆ ಹಣೆಪಟ್ಟಿಗೆಂದು ಹೆಚ್ಚು ಬೆಲೆ ಕೊಡುವ ಮೊದಲು ತಮ್ಮೂರಿನ ಆರ್‌ಟಿಒದಿಂದ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು. ವಿಂಟೇಜ್ ನಂಬರು ಸಿಕ್ಕಿದರೂ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಗಾಡಿಯೇ ಇಲ್ಲದ ಮಾರಾಟಗಳೂ ಇವೆ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು, ವರ್ಗಾವಣೆಯಾಗಿದೆ, ಗಾಡಿಯನ್ನು ಮಿಲಿಟರಿ ಪಾರ್ಸೆಲಿನಲ್ಲಿ ಕಳಿಸುತ್ತೇನೆ, ಮೊದಲು ಸಾಗಣೆ ಖರ್ಚು ಹಾಕಿ ಎನ್ನುವ ಮೋಸ ದೇಶದುದ್ದಕ್ಕೂ ನಡೆಯುತ್ತಲೇ ಇದೆ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಮೋಸ ಎಲ್ಲಿ ನಡೆದಿದ್ದರೂ ಮೈಸೂರಿನ ಠಾಣೆಯಲ್ಲೇ ಜೀರೊ ಎಫ್‌ಐಆರ್ ದಾಖಲಿಸಬಹುದು.

ಇನ್ನು ದೂರು ಕೊಡುವುದು ಎಲ್ಲಿ? ವ್ಯಾಪಾರಿಯಲ್ಲದವರೊಬ್ಬರು ತಮ್ಮ ಸ್ವಂತ ಗಾಡಿ ಮಾರಿದ್ದಾದರೆ ಅವರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವುದು ಕಷ್ಟ. ಅದು ವ್ಯಾಪಾರವಲ್ಲ, ಸಿವಿಲ್ ಕೋರ್ಟಿನ ವಿಷಯ. ಟ್ರಾನ್ಸ್‌ಪೋರ್ಟ್ ಕಂಪನಿಯ ಕತೆ ಹಾಗಲ್ಲ. ಬಾಡಿಗೆ ಕೊಟ್ಟವರು ತ್ರಿಪ್ಲಿಕೇನಿನವರಾದರೂ ಅವರ ಒಪ್ಪಿಗೆಯಿಂದ ಸೇವೆಯ ಫಲ ಪಡೆದ ಮೈಸೂರಿನವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ. 2019ರ ಕಾಯ್ದೆಯಡಿ ಅವರು ಚೆನ್ನೈಗೆ ಅಲೆಯದೆ ಮೈಸೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಕಾಲಮಿತಿ ಎರಡು ವರ್ಷ. ಯಾವ ಆಯೋಗ, ಎಷ್ಟು ಶುಲ್ಕ ಎಂಬುದು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ ನಿಂತಿದೆ. ಈ ಲೆಕ್ಕವನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಬಾಡಿಗೆ 18,000 ಆದ್ದರಿಂದ ಶುಲ್ಕ ಸೊನ್ನೆ. 1915 ಗ್ರಾಹಕ ಸಹಾಯವಾಣಿಯಲ್ಲಿ ಮೊದಲು ರಾಜಿಗೆ ಯತ್ನಿಸಬಹುದು, ಆಗದಿದ್ದರೆ ‘ಇ-ಜಾಗೃತಿ’ ಪೋರ್ಟಲಿನಲ್ಲಿ ಎಲ್‌ಆರ್, ಫೋಟೊ, ನೋಟಿಸಿನ ಪ್ರತಿ ಸೇರಿಸಿ ದೂರು ಸಲ್ಲಿಸಬಹುದು. ವಕೀಲರನ್ನು ಇಡಲೇಬೇಕೆಂದಿಲ್ಲ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಬಯಸುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆವರೆಗೆ ಗಾಡಿಯ ರಿಪೇರಿ ನಿಲ್ಲಿಸಬೇಕಿಲ್ಲ, ಆದರೆ ಕೈ ಹಾಕುವ ಮೊದಲು ಸರ್ವೇಯರ್ ವರದಿ ಮಾಡಿಸಿ ಬಿಚ್ಚಿದ ಭಾಗಗಳನ್ನು ಎತ್ತಿಡಬೇಕು, ಮೆಕ್ಯಾನಿಕ್ಕಿನಿಂದ ಬಿಲ್ ಬರೆಸಿಕೊಳ್ಳಬೇಕು.