ಇಸ್ತ್ರಿಪೆಟ್ಟಿಗೆ ಕಲಿಸಿದ ಪಾಠ

ಆ ನೋಟ್‌ಬುಕ್ಕಿಗೆ ನೀಲಿ ರಟ್ಟಿತ್ತು. ಶಾಲೆಯೊಳಗೆ ಕನ್ನಡ ಮಾತಾಡಿದ ಮಕ್ಕಳ ಹೆಸರನ್ನು ಕ್ಲಾಸ್ ಲೀಡರ್ ಅದರಲ್ಲಿ ಬರೆಯುತ್ತಿದ್ದ. ಒಂದು ಸಲ ಹೆಸರು ಬಂದರೆ ಒಂದು ರೂಪಾಯಿ ದಂಡ. ಶನಿವಾರ ಆ ಪುಸ್ತಕ ನನ್ನ ಮೇಜಿಗೆ ಬರುತ್ತಿತ್ತು, ನಾನು ಸಹಿ ಹಾಕುತ್ತಿದ್ದೆ. ಏಳು ವರ್ಷ ಹಾಗೆ ಸಹಿ ಹಾಕಿದ್ದೇನೆ. ಆ ಸಹಿಯ ನೆನಪೇ ಈಗ ಇದನ್ನು ಬರೆಯಿಸುತ್ತಿದೆ.

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಕ್ರೈಸ್ತ ಆಡಳಿತದ ಒಂದು ಖಾಸಗಿ ಶಾಲೆಯಲ್ಲಿ 1996ರಿಂದ 2019ರವರೆಗೆ ನಾನು ವಿಜ್ಞಾನ ಪಾಠ ಮಾಡಿದೆ. ಐದು, ಆರು, ಏಳನೇ ತರಗತಿಗಳು ನನ್ನವು. ನಮ್ಮ ಸ್ಟಾಫ್ ರೂಮಿನಲ್ಲಿ ಆ ಮೂರಕ್ಕೂ ಮಿಡ್ಲ್ ಸ್ಕೂಲ್ ಎಂದೇ ಹೆಸರು. ಈ ಬಡಾವಣೆಯ ಸುತ್ತಮುತ್ತ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಧ್ಯಾಪಕರ ಮನೆಗಳಿವೆ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ದುಡಿದು ನಿವೃತ್ತರಾದ ವಿಜ್ಞಾನಿಗಳ ಮನೆಗಳಿವೆ. ಪಕ್ಕದಲ್ಲೇ ಪಡುವಾರಹಳ್ಳಿ ಇದೆ, ಕುಂಬಾರಕೊಪ್ಪಲೂ ದೂರವಿಲ್ಲ. ಒಂದು ಕಾಲಕ್ಕೆ ಹಳ್ಳಿಗಳಾಗಿದ್ದು ಬೆಳೆಯುವ ಮೈಸೂರಿನೊಳಗೆ ಸೇರಿಕೊಂಡ ಊರುಗಳು ಅವು. ಎರಡೂ ಕಡೆಯ ಮಕ್ಕಳು ನಮ್ಮಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಪ್ರೊಫೆಸರರ ಮಗಳ ಪಕ್ಕ ಆಟೊ ಓಡಿಸುವವರ ಮಗ.

ನಾಲ್ಕನೇ ತರಗತಿಯವರೆಗೆ ಮಗುವಿಗೆ ಒಬ್ಬರೇ ಮಿಸ್. ಅವರಿಗೆ ಅದರ ಮನೆ ಗೊತ್ತು, ಮುಖ ಬಾಡಿದರೆ ಕಾರಣವೂ ಗೊತ್ತು. ಐದಕ್ಕೆ ಬಂದ ಕೂಡಲೇ ಬೆಲ್ಲಿಗೊಬ್ಬರು ಟೀಚರು. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಎಂದು ಆರು ಮುಖಗಳು. ಡೈರಿ ತುಂಬ ಇಂಗ್ಲಿಷಿನ ಸಾಲುಗಳು. ಆ ಜೂನ್, ಜುಲೈ ತಿಂಗಳಲ್ಲಿ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಮೌನವಾಗುತ್ತಿದ್ದರು. ನಾವು ಅವರನ್ನು ‘ಡಲ್’ ಎಂದು ಕರೆದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು.

ಅಡ್ಮಿಷನ್ ಸಮಯದಲ್ಲಿ ಪೋಷಕರ ಆತಂಕ ಬೇರೆಯದೇ ಇರುತ್ತಿತ್ತು. “ಮಿಸ್, ನಮ್ಮ ಮಗೂನ ಬಲವಂತವಾಗಿ ಪ್ರೇಯರ್‌ಗೆ ಕೂರಿಸ್ತಾರಾ?” ಎಂದು ಮೆಲ್ಲಗೆ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಮೂರನೇ ಉಪವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಒಳಪಡಿಸುವಂತಿಲ್ಲ. ನಮ್ಮಲ್ಲಿ ಕ್ಯಾಟಕಿಸಂ, ಅಂದರೆ ಕ್ರೈಸ್ತ ಧರ್ಮಬೋಧನೆಯ ಪೀರಿಯಡ್ ಬಂದರೆ ಕ್ರೈಸ್ತ ಮಕ್ಕಳು ಒಂದು ಕೋಣೆಗೆ ಹೋಗುತ್ತಿದ್ದರು, ಉಳಿದವರು ಮಾರಲ್ ಸೈನ್ಸ್‌ಗೆ. ಆ ಮಾರಲ್ ಸೈನ್ಸ್ ಪಾಠವನ್ನು ಹಲವು ವರ್ಷ ನಾನೇ ಮಾಡಿದೆ. ಸುಳ್ಳು ಹೇಳಬಾರದು, ಬಿದ್ದವರನ್ನು ಎತ್ತಬೇಕು ಎನ್ನುವುದಕ್ಕೆ ಯಾವ ಮನೆಯಿಂದಲೂ ತಕರಾರು ಬರಲಿಲ್ಲ.

ನಮ್ಮ ಶಾಲೆಯಿಂದ ದೂರವಲ್ಲದ ಯಾದವಗಿರಿಯಲ್ಲಿ ಬಾಳಿದ ಆರ್.ಕೆ. ನಾರಾಯಣ್ ಬಾಲ್ಯದಲ್ಲಿ ಮದ್ರಾಸಿನ ಲುಥರನ್ ಮಿಷನ್ ಶಾಲೆಯಲ್ಲಿ ಓದಿದವರು. 1935ರಲ್ಲಿ ಬಂದ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಹುಡುಗ ಮಿಷನ್ ಶಾಲೆಯ ಸ್ಕ್ರಿಪ್ಚರ್ ಪಾಠದಲ್ಲಿ ತನ್ನ ದೇವರ ಪರವಾಗಿ ಎದ್ದು ಮಾತಾಡಿ ಕಿವಿ ಹಿಂಡಿಸಿಕೊಳ್ಳುತ್ತಾನೆ. ಅಂಥ ಗಾಯವನ್ನು ನನ್ನ 23 ವರ್ಷಗಳಲ್ಲಿ ನಾನು ಕಾಣಲಿಲ್ಲ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗೋದಲಿ ಕಟ್ಟಲು ಹುಲ್ಲು ಹೊತ್ತು ತರುತ್ತಿದ್ದವರಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದರು. ಒಂದು ವರ್ಷ ಗೋದಲಿಯ ಮಣ್ಣಿನ ಹಸು ಒಡೆದುಹೋಯಿತು. ಆರನೇ ತರಗತಿಯ ಹುಡುಗಿಯೊಬ್ಬಳು ತನ್ನ ಮನೆಯ ದಸರಾ ಗೊಂಬೆಗಳ ಪೆಟ್ಟಿಗೆಯಿಂದ ಹಸುವೊಂದನ್ನು ತಂದು ಬಾಲಯೇಸುವಿನ ಪಕ್ಕ ಇಟ್ಟಳು. ನಮ್ಮ ಸಿಸ್ಟರ್ ಅದನ್ನು ಜನವರಿಯವರೆಗೆ ಜೋಪಾನ ಮಾಡಿ, ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿದರು.

ದೇವರ ವಿಷಯದಲ್ಲಿ ಮಕ್ಕಳು ಹೆದರಲಿಲ್ಲ. ಅವರ ಹೆದರಿಕೆಯೆಲ್ಲ ಮಾತಿನದಾಗಿತ್ತು. ಇದನ್ನು ನನಗೆ ಕಲಿಸಿದವನು ಏಳನೇ ತರಗತಿಯ ಒಬ್ಬ ಹುಡುಗ.

ಅದು 2003ರ ಮಾತು. ಅವನ ತಂದೆ ಬಡಾವಣೆಯ ಒಂದು ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಹುಡುಗ ಕೊನೆಯ ಬೆಂಚು. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಚಿತ್ರಗಳನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದ, ವಾಕ್ಯಗಳ ಜಾಗ ಖಾಲಿ ಬಿಡುತ್ತಿದ್ದ. ಆ ಟರ್ಮಿನಲ್ಲಿ ನೀಲಿ ಪುಸ್ತಕದಲ್ಲಿ ಅವನ ಹೆಸರು ಹನ್ನೊಂದು ಸಲ ಬಂದಿತ್ತು.

ಶಾಖದ ಪಾಠ ನಡೆದಿತ್ತು. ಕಂಡಕ್ಷನ್, ಕನ್ವೆಕ್ಷನ್, ರೇಡಿಯೇಷನ್ ಎಂದು ಬೋರ್ಡಿನ ಮೇಲೆ ಬರೆದು ಉದಾಹರಣೆ ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಪಕ್ಕದವನು ಈ ಹುಡುಗನನ್ನು ಮೊಣಕೈಯಿಂದ ತಿವಿಯುವುದು ಕಂಡಿತು. ಎಬ್ಬಿಸಿ ನಿಲ್ಲಿಸಿದೆ. ಅವನ ತುಟಿ ಅಲುಗಿತು, ಸ್ವರ ಬರಲಿಲ್ಲ. ಅವತ್ತು ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ, “ಕನ್ನಡದಲ್ಲೇ ಹೇಳು” ಎಂದೆ.

“ಇಸ್ತ್ರಿಪೆಟ್ಟಿಗೆ, ಮಿಸ್” ಎಂದ. ಆಮೇಲೆ ನಿಲ್ಲಲಿಲ್ಲ. ಒಳಗಿನ ಕೆಂಡದ ಬಿಸಿ ತಳದ ಕಬ್ಬಿಣಕ್ಕೆ ಇಳಿದು ಬಟ್ಟೆಗೆ ಹೋಗುತ್ತೆ. ಹಿಡಿ ಮರದ್ದಾದ್ದರಿಂದ ಕೈಗೆ ಬರೋದಿಲ್ಲ. ಕಾದಿದೆಯಾ ಅಂತ ಮುಟ್ಟಿ ನೋಡಬಾರದು, ಅಂಗೈಯನ್ನು ಪಕ್ಕದಲ್ಲಿ ಹಿಡಿದರೆ ಸಾಕು, ಬಿಸಿ ತಾನೇ ಬರುತ್ತೆ. ಮುಚ್ಚಳದ ಮೇಲೆ ಕೈ ತಂದರೆ ಇನ್ನೂ ಜಾಸ್ತಿ ಸುಡುತ್ತೆ, ಬಿಸಿಗಾಳಿ ಮೇಲಕ್ಕೇ ಹೋಗುತ್ತಲ್ಲ. “ಪಕ್ಕದ ತೂತು ಬೂದಿ ಕಟ್ಟಿ ಮುಚ್ಚಿಹೋದರೆ ಕೆಂಡ ಸತ್ತೋಗುತ್ತೆ ಮಿಸ್, ಅದಕ್ಕೂ ಉಸಿರು ಬೇಕು.”

ಶಾಖ ಹರಿಯುವ ಮೂರೂ ದಾರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ತೋರಿಸಿ, ಉರಿಯಲು ಗಾಳಿ ಬೇಕೆಂಬ ಮುಂದಿನ ಪಾಠವನ್ನೂ ಸೇರಿಸಿ ಅವನು ಕುಳಿತ. ನನ್ನ ಕೈಯಲ್ಲಿದ್ದ ಪಠ್ಯಪುಸ್ತಕದಲ್ಲಿ ಅಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ. ಕ್ಲಾಸ್ ಲೀಡರ್ ನೀಲಿ ಪುಸ್ತಕ ತೆರೆದು ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದ. ಹನ್ನೆರಡನೇ ಸಲ ಬರೆಯಬೇಕೇ ಎಂದು ಆ ಮಗು ಕೇಳುತ್ತಿತ್ತು. ಅವನಿಗೆ ಆ ಕೆಲಸ ಕಲಿಸಿದವಳು ನಾನು.

ಆ ಸಂಜೆ ತಳ್ಳುಗಾಡಿಯ ಹತ್ತಿರ ಹೋದೆ. ಹುಡುಗನ ತಂದೆ ಗಾಬರಿಯಾದರು. ದಂಡದ ವಿಷಯ ತೆಗೆದಾಗ ಕೈ ಮುಗಿದು, “ಹಾಕಿ ಮಿಸ್, ಪರವಾಗಿಲ್ಲ, ಇಂಗ್ಲಿಷ್ ಬರಲಿ” ಎಂದರು. ಆಗ ಒಂದು ಶರ್ಟ್ ಇಸ್ತ್ರಿಗೆ ಅವರು ತೆಗೆದುಕೊಳ್ಳುತ್ತಿದ್ದುದು ಒಂದು ರೂಪಾಯಿ. ಮಗ ಮನೆಮಾತು ಆಡಿದ್ದಕ್ಕೆ ಅವರು ಹನ್ನೊಂದು ಶರ್ಟುಗಳ ದುಡಿಮೆ ಕಟ್ಟಿದ್ದರು. ಅದನ್ನು ವಸೂಲಿ ಮಾಡಿದ ಸಹಿ ನನ್ನದು.

ಮರುದಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆ ಪುಸ್ತಕ ಆ ಕಾಲಕ್ಕೆ ಎಷ್ಟೋ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿದ್ದ ರೂಢಿ, ಯಾರೂ ಪ್ರಶ್ನಿಸಿರಲಿಲ್ಲ. ಸಿಸ್ಟರ್ ಕೇರಳದವರು, ಸೇರಿದ ಹೊಸದರಲ್ಲಿ ನಮ್ಮ ಐದನೇ ತರಗತಿಯ ಮಕ್ಕಳಿಂದಲೇ ಕನ್ನಡದ ಒತ್ತಕ್ಷರ ಕಲಿತವರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ಇದೇ ಮಕ್ಕಳು ಚರ್ಚಿನಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡ್ತಾರೆ. ದೇವರಿಗೆ ಆಗುವ ಭಾಷೆ ನಮಗೆ ಆಗಬಾರದಾ?” ಎಂದರು. ಪುಸ್ತಕ ಅಂದೇ ನಿಂತಿತು.

ಆಮೇಲೆ ಓದುತ್ತಾ ಹೋದಂತೆ ನಾಚಿಕೆ ಹೆಚ್ಚಿತು. ಕ್ರೈಸ್ತ ಗುರುಗಳಿಗೂ ಕನ್ನಡಕ್ಕೂ ಇರುವ ನಂಟು ಹಳೆಯದು. ಹದಿನೇಳನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡದ ಮೊದಲ ಪತ್ರಿಕೆ ಕೊಟ್ಟರು. ಫರ್ಡಿನಂಡ್ ಕಿಟೆಲ್ ದಶಕಗಳ ಕಾಲ ದುಡಿದು ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ನಮ್ಮ ಕೈಗಿತ್ತರು. ಕನ್ನಡದ ಮಾತುಗಳನ್ನು ಒಂದೊಂದಾಗಿ ಆಯ್ದು ಜೋಡಿಸಿದ ಆ ಪರಂಪರೆಯ ನೆರಳಿನ ಶಾಲೆಯಲ್ಲಿ ಕುಳಿತು ನಾನು ಅದೇ ಮಾತುಗಳಿಗೆ ದಂಡ ಹಾಕಿದ್ದೆ.

ಒಂಟಿಕೊಪ್ಪಲಿನಲ್ಲಿರುವ ಕುವೆಂಪು ಅವರ ಮನೆ ‘ಉದಯರವಿ’ ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ದೂರ. ಕುವೆಂಪು ಹೈಸ್ಕೂಲು ಓದಿದ್ದು ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ. ಹುಡುಗನಾಗಿದ್ದಾಗ ಇಂಗ್ಲಿಷಿನಲ್ಲೇ ಕವಿತೆ ಬರೆದು 1922ರಲ್ಲಿ ಪುಸ್ತಕವನ್ನೂ ತಂದರು. ನಿನ್ನ ನುಡಿಯಲ್ಲಿ ಬರೆ ಎಂದು ಅವರಿಗೆ ಬುದ್ಧಿ ಹೇಳಿದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಇಂಗ್ಲಿಷ್ ಚೆನ್ನಾಗಿ ಬಲ್ಲ ಹಿರಿಯರೊಬ್ಬರು ಮಗುವಿನ ಮಾತಿಗೆ ಮರ್ಯಾದೆ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮೂರಿನಲ್ಲಿ ಇಲ್ಲ. ಆಮೇಲೆ ಪ್ರತಿ ಜೂನ್‌ನಲ್ಲಿ ಐದನೇ ತರಗತಿಗೆ ಈ ಕಥೆ ಹೇಳಿಯೇ ಪಾಠ ಶುರುಮಾಡುತ್ತಿದ್ದೆ.

ಇನ್ನು ನಾನು ಬದಲಿಸಿಕೊಂಡ ಪಾಠದ ಕ್ರಮ. ಟೀಚರುಗಳು ಓದುತ್ತಿದ್ದರೆ ಅವರಿಗೆ ಉಪಯೋಗವಾದೀತು. ಹೊಸ ಪಾಠದ ಮೊದಲ ಹತ್ತು ನಿಮಿಷ ಮಕ್ಕಳು ತಮಗೆ ಗೊತ್ತಿದ್ದನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. ಕನ್ನಡ, ತಮಿಳು, ಉರ್ದು, ಕೊಂಕಣಿ ಯಾವುದೂ ಸರಿ. ಆಮೇಲೆ ಚಿತ್ರ. ಚಿತ್ರದ ಭಾಗಗಳಿಗೆ ಇಂಗ್ಲಿಷ್ ಹೆಸರು. ಆವಿ ಎಂದವನು ಅದರ ಪಕ್ಕ ‘ವೇಪರ್’ ಎಂದು ಬರೆದುಕೊಳ್ಳುತ್ತಾನೆ. ಕೊನೆಗೆ ಆ ಹೆಸರುಗಳನ್ನು ಸೇರಿಸಿ ಮೂರೇ ಮೂರು ಸಣ್ಣ ಇಂಗ್ಲಿಷ್ ವಾಕ್ಯ. ಆರನೇ ತರಗತಿಗೆ ಐದು ವಾಕ್ಯ, ಏಳಕ್ಕೆ ಒಂದು ಪ್ಯಾರಾ. ಡೈರಿಯಲ್ಲಿ ಮನೆಗೆ ಬರೆಯುವ ಮಾತನ್ನು ತಾಯಿ ಓದಬಲ್ಲ ಭಾಷೆಯಲ್ಲಿ ಬರೆದೆ. ಅಲ್ಲಿಯವರೆಗೆ ಎಷ್ಟೋ ಡೈರಿಗಳಿಗೆ ಅಕ್ಕಂದಿರು ಸಹಿ ಹಾಕುತ್ತಿದ್ದರು. ಕನ್ನಡದಲ್ಲಿ ಬರೆದ ಮೇಲೆ ಅಮ್ಮಂದಿರು ಪೇರೆಂಟ್ಸ್ ಮೀಟಿಂಗಿನ ಹಿಂದಿನ ಸಾಲಿನಿಂದ ಎದ್ದು ಬಂದು ನನ್ನ ಮುಂದೆ ಕೂರತೊಡಗಿದರು.

ಇಂಗ್ಲಿಷ್ ಕೆಡುತ್ತದೆ ಎಂದು ಹೆದರಿದವರಿದ್ದರು. ನನ್ನ ತರಗತಿಗಳಲ್ಲಿ ಕೆಡಲಿಲ್ಲ. ತಪ್ಪಿಗೆ ದಂಡವಿಲ್ಲ ಎಂದು ಗೊತ್ತಾದ ಮಕ್ಕಳು ಇಂಗ್ಲಿಷಿನಲ್ಲೂ ತಪ್ಪುತಪ್ಪಾಗಿ ಧೈರ್ಯದಿಂದ ಮಾತಾಡಿದರು, ಮಾತಾಡುತ್ತಲೇ ಸರಿಯಾದರು. ಎಲ್ಲರೂ ದಡ ಸೇರಿದರೆಂದು ಹೇಳಲಾರೆ. ಏಳನೇ ತರಗತಿಯ ಹೊತ್ತಿಗೂ ಬಾಯಿ ಬಿಡದೆ ಹೋದ ಮಕ್ಕಳಿದ್ದರು. ಅವರು ನನ್ನ ಬಳಿಗೆ ಬರುವ ಮುನ್ನವೇ ಮಾತಾಡುವುದು ಅಪಾಯ ಎಂದು ಕಲಿತುಬಿಟ್ಟಿದ್ದರು. ಐದರಲ್ಲಿ ಬಿಚ್ಚದ ನಾಲಿಗೆಯನ್ನು ಏಳರಲ್ಲಿ ಬಿಚ್ಚುವುದು ಬಹಳ ಕಷ್ಟ.

ಶಿಸ್ತಿನ ಬಗ್ಗೆ ಒಂದು ಮಾತು. ಕಾನ್ವೆಂಟಿನ ಶಿಸ್ತನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಬೆಲ್ಲಿಗೆ ಸರಿಯಾಗಿ ಪಾಠ, ಬೆಳಗಿನ ಎರಡು ನಿಮಿಷದ ಮೌನ, ಊಟವಾದ ಮೇಲೆ ತಮ್ಮ ಬೆಂಚನ್ನು ತಾವೇ ಒರೆಸುವುದು, ಜ್ವರ ಬಂದ ಗೆಳೆಯನಿಗೆ ನೋಟ್ಸ್ ಬರೆದುಕೊಡುವುದು. ಇವು ಮಗುವನ್ನು ಗಟ್ಟಿ ಮಾಡುತ್ತವೆ. ಯಾವ ಶಿಸ್ತು ಮಗು ತನ್ನ ಮನೆಯ ಬಗ್ಗೆ ನಾಚುವಂತೆ ಮಾಡುತ್ತದೋ ಅದನ್ನು ಬಿಡಲೇಬೇಕು.

ಕಾನೂನು ತನ್ನ ದಾರಿಯಲ್ಲಿ ಸಾಗಿದೆ. ಪ್ರಾಥಮಿಕ ಹಂತದಲ್ಲಿ ಮಾಧ್ಯಮದ ಆಯ್ಕೆ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪು ಕೊಟ್ಟಿತು. ಮರುವರ್ಷ, 2015ರಲ್ಲಿ, ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂಬ ಕಾಯಿದೆಯನ್ನು ಕರ್ನಾಟಕ ತಂದಿತು. ಒಂದು ಪೀರಿಯಡ್ ಕನ್ನಡ ಕಲಿಸಿ ಉಳಿದ ಏಳು ಪೀರಿಯಡ್ ಅದಕ್ಕೆ ಬೀಗ ಹಾಕಿದರೆ ಕಾಯಿದೆಯ ಅಕ್ಷರ ಉಳಿಯುತ್ತದೆ, ಮಗುವಿನ ಪ್ರಶ್ನೆ ಉಳಿಯುವುದಿಲ್ಲ. ಆ ಪ್ರಶ್ನೆಯನ್ನು ಉಳಿಸುವವರು ತರಗತಿಯೊಳಗಿನ ಟೀಚರು.

ಮುಂದಿನ ಜೂನ್‌ಗೆ ನಿಮ್ಮ ಮಗು ಐದನೇ ತರಗತಿಗೆ ಹೋಗುವುದಾದರೆ, ಶಾಲೆ ಯಾವ ಧರ್ಮದವರದ್ದೇ ಆಗಲಿ, ಫೀಸು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: “ನನ್ನ ಮಗು ಅರ್ಥವಾಗದೆ ಕನ್ನಡದಲ್ಲಿ ಎದ್ದು ಕೇಳಿದರೆ, ನೀವು ಉತ್ತರ ಹೇಳುತ್ತೀರಾ?” ಹೌದು ಎಂದರೆ ನಿಶ್ಚಿಂತೆಯಿಂದ ಸೇರಿಸಿ. ತಡವರಿಸಿದರೆ ಬೇರೆ ಶಾಲೆ ಹುಡುಕಿ.